ಆರಿದ ಸೆಗ್ಮೆಂಟು ಏನು ಹೇಳುತ್ತದೆ

ಮನೆಯ ಫ್ಲೈಟ್ ಸಿಮ್ಯುಲೇಟರಿನ ರೇಡಿಯೋ ಪ್ಯಾನೆಲ್‌ನಲ್ಲಿ 121.50 ಎಂಬ ಆವರ್ತನ ಕಾಣಬೇಕಾದ ಜಾಗದಲ್ಲಿ ಎಲ್ಲ ಅಂಕಿಗಳೂ 8 ಆಗಿ, ಚುಕ್ಕಿಗಳ ಸಮೇತ, ಕಣ್ಣು ಕುಕ್ಕುವಷ್ಟು ಬೆಳಗುತ್ತಿದ್ದರೆ ಡಿಸ್‌ಪ್ಲೇ ಕೆಟ್ಟಿಲ್ಲ. ಅದೇ ಜಾಗ ಪೂರ್ತಿ ಕಪ್ಪಾಗಿದ್ದರೂ ಬಹುತೇಕ ಸಲ ಡಿಸ್‌ಪ್ಲೇ ಕೆಟ್ಟಿರುವುದಿಲ್ಲ. ಕೆಟ್ಟಿರುವ ಶಂಕೆಗೆ ಆಧಾರ ಸಿಗುವುದು ಉಳಿದೆಲ್ಲ ಸರಿಯಿದ್ದು ಅಂಕಿಯ ಯಾವುದೋ ಒಂದು ಗೆರೆ (ಸೆಗ್ಮೆಂಟ್) ಮಾತ್ರ ಉರಿಯದಿದ್ದಾಗ. ಆದರೆ ಮನೆಯಲ್ಲಿ ಫ್ಲೈಟ್ ಸಿಮ್ಯುಲೇಟರ್ ಕಟ್ಟಿಕೊಂಡವರು ಮೂರಕ್ಕೂ ಒಂದೇ ಮದ್ದು ಹುಡುಕುತ್ತಾರೆ: ಹೊಸ ಡಿಸ್‌ಪ್ಲೇ ಮಾಡ್ಯೂಲ್ ಆರ್ಡರ್ ಮಾಡುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹೊಸ ಮಾಡ್ಯೂಲ್ ಬಂದ ಮೇಲೂ ಅದೇ ಕಪ್ಪು, ಅದೇ 8.

ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಮೊದಲು ಕೆಟ್ಟಿರುವ ಆಕಾರವನ್ನು ಕೂತು ನೋಡಬೇಕು ಎನ್ನುವುದು ನನ್ನ ಮತ. ಯಾವುದು ಉರಿಯುತ್ತಿದೆ, ಯಾವುದು ಆರಿದೆ, ಎಷ್ಟು ಅಂಕಿಗಳಲ್ಲಿ ಆರಿದೆ ಎಂದು ಕಾಗದದ ಮೇಲೆ ಬರೆದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಅದಕ್ಕೂ ಮುಂಚೆ, ದೋಷವೇ ಅಲ್ಲದವನ್ನು ಬದಿಗಿಡೋಣ. ಸೆಸ್ನಾ 172 ಎಂಬ ಪುಟ್ಟ ವಿಮಾನದಲ್ಲಿ ಬ್ಯಾಟರಿ ಮಾಸ್ಟರ್ ಮತ್ತು ಏವಿಯಾನಿಕ್ಸ್ ಸ್ವಿಚ್ ಆಫ್ ಇದ್ದರೆ, ಸಿಮ್ಯುಲೇಟರಿಗೂ ಪ್ಯಾನೆಲಿಗೂ ಕೊಂಡಿಯಾಗುವ ಅನೇಕ ಪ್ಲಗಿನ್‌ಗಳು ರೇಡಿಯೋ ಪ್ಯಾನೆಲನ್ನು ಬೇಕೆಂದೇ ಕಪ್ಪಾಗಿಸುತ್ತವೆ. ವಿಮಾನವನ್ನು ‘ಕೋಲ್ಡ್ ಆ್ಯಂಡ್ ಡಾರ್ಕ್’ (ಎಲ್ಲವೂ ಆಫ್ ಇರುವ) ಸ್ಥಿತಿಯಲ್ಲಿ ತೆರೆದು ಪ್ಯಾನೆಲ್ ಸತ್ತಿದೆ ಎಂದುಕೊಳ್ಳುವವರು ಕಡಿಮೆಯೇನಿಲ್ಲ. ಹಾಗೆಯೇ, ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತಿದ್ದ ಹಳೆಯ ಸೈಟೆಕ್ ರೇಡಿಯೋ ಪ್ಯಾನೆಲ್‌ನ ಪ್ರತಿ ಕಿಟಕಿಯಲ್ಲಿ ಇರುವುದು ಐದೇ ಅಂಕಿ. 8.33 ಕಿಲೋಹರ್ಟ್ಸ್ ಅಂತರದ ಚಾನೆಲ್ 118.305ಕ್ಕೆ ಆರು ಅಂಕಿ ಬೇಕು. ಮೊದಲ ಅಂಕಿಯೋ ಕೊನೆಯ ಅಂಕಿಯೋ ಕಾಣೆಯಾಗಲೇಬೇಕು. ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವುದು ಸಾಫ್ಟ್‌ವೇರ್. ಇನ್ನೊಂದು, ಪ್ಯಾನೆಲ್‌ನ ವಿಡಿಯೋ ತೆಗೆದಾಗ ಅಂಕಿಗಳು ಮಿಣುಕುವುದು. ಈ ಡಿಸ್‌ಪ್ಲೇಗಳಲ್ಲಿ ಒಂದು ಕ್ಷಣಕ್ಕೆ ಒಂದೇ ಅಂಕಿ ಉರಿಯುತ್ತದೆ, ಸರದಿ ಬೇಗ ತಿರುಗುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ, ಮೊಬೈಲ್ ಕ್ಯಾಮೆರಾಗೆ ಗೊತ್ತಾಗುತ್ತದೆ. ಬರಿಗಣ್ಣಿಗೆ ಮಿಣುಕು ಕಂಡರೆ ಮಾತ್ರ ಚಿಂತಿಸಿ.

ಆ ಸರದಿಯ ವಿಷಯವೇ ಇಡೀ ಪರೀಕ್ಷೆಯ ಕೀಲಿ. ಮನೆಯಲ್ಲಿ ಕಟ್ಟಿದ ಪ್ಯಾನೆಲ್‌ಗಳಲ್ಲಿ ಅತಿ ಹೆಚ್ಚು ಕಾಣುವುದು ಮ್ಯಾಕ್ಸ್ 7219 ಚಿಪ್ ಇರುವ ಎಂಟಂಕಿಯ ಕೆಂಪು ಮಾಡ್ಯೂಲ್. ಜೊತೆಗೆ ಆ ಚಿಪ್‌ಗೆ ಆಜ್ಞೆ ಕೊಡುವ ಪುಟ್ಟ ಬೋರ್ಡ್ ಆರ್ಡುಯಿನೊ ಮೆಗಾ, ಸಿಮ್ಯುಲೇಟರಿನ ಅಂಕಿಗಳನ್ನು ಅದಕ್ಕೆ ತಲುಪಿಸಲು ಕಂಪ್ಯೂಟರಿನಲ್ಲಿ ಮೊಬಿಫ್ಲೈಟ್ ಎಂಬ ತಂತ್ರಾಂಶ. ಚಿಪ್‌ನಿಂದ ಎಂಟು ಸೆಗ್ಮೆಂಟ್ ತಂತಿ (ಏಳು ಗೆರೆ, ಒಂದು ಚುಕ್ಕಿ), ಎಂಟು ಅಂಕಿ ತಂತಿ ಹೊರಡುತ್ತವೆ. ಒಟ್ಟು 64 ಎಲ್‌ಇಡಿಗಳಿಗೆ 16 ತಂತಿ. ಪ್ರತಿ ಎಲ್‌ಇಡಿ ಒಂದು ಅಡ್ಡ ತಂತಿ, ಒಂದು ಉದ್ದ ತಂತಿ ಸೇರುವಲ್ಲಿ ಕೂತಿದೆ. ಹಾಗಾಗಿ ಕತ್ತಲು ಅಡ್ಡಕ್ಕಿದೆಯೋ ಉದ್ದಕ್ಕಿದೆಯೋ ಎನ್ನುವುದೇ ಯಾವ ತಂತಿ ಬಿಟ್ಟಿದೆ ಎಂದು ಹೇಳಿಬಿಡುತ್ತದೆ.

ಒಂದು ಅಂಕಿ ಪೂರ್ತಿ ಆರಿ ಉಳಿದ ಏಳು ಸರಿಯಿದ್ದರೆ ಆ ಅಂಕಿಯ ತಂತಿ ಬಿಟ್ಟಿದೆ. ಎಲ್ಲ ಎಂಟು ಅಂಕಿಗಳಲ್ಲೂ ಒಂದೇ ಗೆರೆ, ಉದಾಹರಣೆಗೆ ನಡುವಿನದು, ಆರಿದ್ದರೆ ಆ ಸೆಗ್ಮೆಂಟ್ ತಂತಿ ಚಿಪ್‌ನ ಕಡೆ ಬಿಟ್ಟಿದೆ. ಒಂದೇ ಅಂಕಿಯಲ್ಲಿ ಒಂದೇ ಗೆರೆ ಆರಿದ್ದರೆ ಆ ಎಲ್‌ಇಡಿಯೇ ಹೋಗಿದೆ, ಬೆಸುಗೆ ಹಾಕಿ ಪ್ರಯೋಜನವಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಎಂಟಂಕಿಯ ಮಾಡ್ಯೂಲ್ ನಿಜಕ್ಕೂ ಎರಡು ನಾಲ್ಕಂಕಿಯ ಡಿಸ್‌ಪ್ಲೇಗಳ ಜೋಡಿ, ಪ್ರತಿಯೊಂದಕ್ಕೂ 12 ಕಾಲು (ಪಿನ್). ಎಡಗಡೆಯ ನಾಲ್ಕರಲ್ಲಿ ಮಾತ್ರ ಒಂದು ಗೆರೆ ಆರಿ ಬಲಗಡೆಯ ನಾಲ್ಕು ಸರಿಯಿದ್ದರೆ ಚಿಪ್ ನಿರಪರಾಧಿ, ಎಡ ಡಿಸ್‌ಪ್ಲೇಯ ಒಂದು ಕಾಲಿನ ಬೆಸುಗೆ ಸಡಿಲವಾಗಿದೆ. ಮುಂಭಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಗೆರೆ ಮತ್ತೆ ಹತ್ತಿಕೊಂಡರೆ ಅನುಮಾನವೇ ಬೇಡ. ಬೆಸುಗೆ ಚೆನ್ನಾಗಿ ಹಿಡಿಯಲು ಫ್ಲಕ್ಸ್ ಹಚ್ಚಿ, 60/40 ಸೀಸದ ಸೋಲ್ಡರ್ ಆದರೆ ತುದಿಯನ್ನು 330–350 ಡಿಗ್ರಿಗೆ ಇಟ್ಟು, ಎರಡು ಮೂರು ಸೆಕೆಂಡು ಮುಟ್ಟಿಸಿದರೆ ಸಾಕು. ಹೆಚ್ಚು ಹೊತ್ತು ಹಿಡಿದರೆ ಬೋರ್ಡಿನ ತಾಮ್ರದ ಪ್ಯಾಡ್ ಎದ್ದುಬರುತ್ತದೆ.

ತಂತಿ ಬಿಡುವುದರ ತದ್ವಿರುದ್ಧ, ತಂತಿಗಳು ಅಂಟಿಕೊಳ್ಳುವುದು. ಎರಡು ಅಂಕಿ ತಂತಿಗಳ ನಡುವೆ ಸೋಲ್ಡರ್ ಸೇತುವೆಯಾಗಿದ್ದರೆ ಆ ಎರಡೂ ಜಾಗಗಳಲ್ಲಿ ಎರಡು ಅಂಕಿಗಳು ಒಂದರ ಮೇಲೊಂದು ಬಿದ್ದು ಕಾಣುತ್ತವೆ: 1 ಮತ್ತು 5 ಸೇರಿ 9ರಂತೆ. ಎರಡು ಸೆಗ್ಮೆಂಟ್ ತಂತಿಗಳು ಅಂಟಿದ್ದರೆ ಒಂದು ಗೆರೆ ಉರಿದಾಗಲೆಲ್ಲ ಪಕ್ಕದ್ದೂ ಹತ್ತುತ್ತದೆ. ಇದನ್ನು ಕಣ್ಣಿನಿಂದ ಹುಡುಕುವುದಕ್ಕಿಂತ ಮಲ್ಟಿಮೀಟರ್‌ನ ಬೀಪ್ ಮೋಡಿನಲ್ಲಿ ಪಕ್ಕಪಕ್ಕದ ಕಾಲುಗಳನ್ನು ಮುಟ್ಟುತ್ತಾ ಹೋಗುವುದು ವಾಸಿ. ಪವರ್ ತೆಗೆದಿರಬೇಕು ಎಂದು ಹೇಳಬೇಕಿಲ್ಲ, ಆದರೂ ಹೇಳುತ್ತೇನೆ.

ಒಂದು ಗೆರೆ ಆರಿದರೆ ಬರೀ ಅಂದ ಕೆಡುತ್ತದೆ ಎಂದುಕೊಳ್ಳಬೇಡಿ. ಮೇಲಿನ ಗೆರೆ ಹೋದರೆ 7 ಎನ್ನುವುದು 1 ಆಗುತ್ತದೆ. ಬಲ ಮೇಲಿನ ಗೆರೆ ಹೋದರೆ 8 ಎನ್ನುವುದು 6, 9 ಎನ್ನುವುದು 5. ಎಡ ಕೆಳಗಿನದು ಹೋದರೆ 8 ಎನ್ನುವುದು 9. ನಡುವಿನದು ಹೋದರೆ 8 ಎನ್ನುವುದು 0. ಎಲ್ಲವೂ ಸರಿಯಾದ ಅಂಕಿಗಳೇ! 118.70 ಇರುವಲ್ಲಿ 118.10 ಕಂಡರೆ ಯಾರಿಗೂ ಸಂಶಯ ಬರುವುದಿಲ್ಲ, ನಾಬ್ ಕೆಟ್ಟಿದೆಯೆಂದು ಅದರ ತಿರುವನ್ನು ಓದುವ ಎನ್‌ಕೋಡರ್ ಬಿಚ್ಚುತ್ತಾರೆ. ಆದ್ದರಿಂದ ಹಾರಾಟಕ್ಕೆ ಮುಂಚೆ ಎಲ್ಲ ಕಿಟಕಿಗಳಲ್ಲೂ 8 ತೋರಿಸುವ ಲ್ಯಾಂಪ್ ಟೆಸ್ಟ್ ಗುಂಡಿಯೊಂದನ್ನು ಮೊಬಿಫ್ಲೈಟ್‌ನಲ್ಲಿ ಹೊಂದಿಸಿಕೊಳ್ಳುವುದು ಒಳ್ಳೆಯದು. ನಿಜವಾದ ಕಾಕ್‌ಪಿಟ್‌ಗಳಲ್ಲಿ ಆ ಗುಂಡಿ ಇರುವುದು ಇದೇ ಕಾರಣಕ್ಕೆ.

ಈಗ ಎಲ್ಲವೂ 8 ಆಗಿ ಉರಿಯುವ ಕಥೆ. ಮ್ಯಾಕ್ಸ್ 7219ರಲ್ಲಿ ‘ಡಿಸ್‌ಪ್ಲೇ ಟೆಸ್ಟ್’ ಎಂಬ ರಿಜಿಸ್ಟರ್ (ಚಿಪ್‌ನೊಳಗಿನ ಪುಟ್ಟ ನೆನಪಿನ ಕೋಶ) ಇದೆ. ಅದಕ್ಕೆ 1 ಬರೆದರೆ ಚಿಪ್ ಮಿಕ್ಕೆಲ್ಲ ಆಜ್ಞೆಗಳನ್ನು ಕಡೆಗಣಿಸಿ ಎಲ್ಲ ಎಲ್‌ಇಡಿಗಳನ್ನೂ ಹೆಚ್ಚುಕಡಿಮೆ ಪೂರ್ಣ ಪ್ರಖರತೆಯಲ್ಲಿ ಉರಿಸುತ್ತದೆ. ಯಾರೂ ಬರೆಯದೆ ಅಲ್ಲಿಗೆ 1 ಹೇಗೆ ಬಂತು? ಆರ್ಡುಯಿನೊದಿಂದ ಚಿಪ್‌ಗೆ ಬರುವ ಡೇಟಾ, ಕ್ಲಾಕ್, ಲೋಡ್ ಎಂಬ ಮೂರು ತಂತಿಗಳಲ್ಲಿ ಕ್ಲಾಕ್ ಅಥವಾ ಲೋಡ್ ತಂತಿಗೆ ಹೊಕ್ಕ ವಿದ್ಯುತ್ ಗದ್ದಲವನ್ನು ಚಿಪ್ ಡೇಟಾ ಎಂದು ಓದಿಕೊಂಡಿತು. ಪೂರ್ತಿ ಕಪ್ಪಾಗುವುದರ ಕಾರಣ ಬೇರೆ. ಈ ಚಿಪ್ ಪವರ್ ಬಂದ ಕೂಡಲೇ ಶಟ್‌ಡೌನ್ ಸ್ಥಿತಿಯಲ್ಲಿ ಏಳುತ್ತದೆ, ಎಚ್ಚರಿಸುವ ಆಜ್ಞೆ ಬರುವತನಕ ಕಪ್ಪಾಗಿಯೇ ಇರುತ್ತದೆ. ಮೊಬಿಫ್ಲೈಟ್ ಆ ಆಜ್ಞೆಯನ್ನು ಕಳಿಸುವುದು ಶುರುವಿನಲ್ಲಿ. ನಡುವೆ ಕ್ಷಣಮಾತ್ರ ವೋಲ್ಟೇಜ್ ಕುಸಿದು ಚಿಪ್ ಮರುಹುಟ್ಟು ಪಡೆದರೆ, ಆರ್ಡುಯಿನೊಗೆ ಅದು ಗೊತ್ತೇ ಆಗುವುದಿಲ್ಲ. ಅದು ಆವರ್ತನ ಕಳಿಸುತ್ತಲೇ ಇರುತ್ತದೆ, ಚಿಪ್ ನಿದ್ದೆಯಲ್ಲೇ ಇರುತ್ತದೆ. ಅಂದರೆ ಎಲ್ಲ 8 ಎಂದರೆ ಡೇಟಾ ತಂತಿಯತ್ತ ನೋಡಿ, ಎಲ್ಲ ಕಪ್ಪು ಎಂದರೆ ಪವರ್ ಕಡೆ ನೋಡಿ. ನೂರಕ್ಕೆ ನೂರು ಹೀಗೇ ಎನ್ನಲಾಗದು, ಮೊದಲು ಎಲ್ಲಿ ಕೈ ಹಾಕಬೇಕು ಎಂದು ತಿಳಿಯಲು ಇಷ್ಟು ಸಾಕು.

ಇವೆರಡೂ ಒಂದಕ್ಕೊಂದು ಕೊಂಡಿಯಾಗುವುದೂ ಉಂಟು. ಮಾಡ್ಯೂಲ್ ಮೇಲಿನ 10 ಕಿಲೋಓಮ್ ರೆಸಿಸ್ಟರ್ ಪ್ರತಿ ಸೆಗ್ಮೆಂಟ್‌ಗೆ ಸುಮಾರು 40 ಮಿಲಿಆಂಪ್ ಬಿಡುತ್ತದೆ. ಎಂಟು ಸೆಗ್ಮೆಂಟ್ ಒಟ್ಟಿಗೆ ಉರಿದಾಗ 320. ಸಾಮಾನ್ಯ ಹಾರಾಟದಲ್ಲಿ ಅಷ್ಟು ಎಳೆಯುವುದಿಲ್ಲ. ಪ್ರಖರತೆಯ 16 ಮಟ್ಟಗಳಲ್ಲಿ (0ರಿಂದ 15) 3ಕ್ಕೆ ಇಟ್ಟರೆ ಎಲ್‌ಇಡಿ ತನ್ನ ಸರದಿಯ 32ರಲ್ಲಿ 7 ಪಾಲು ಹೊತ್ತು ಮಾತ್ರ ಉರಿಯುತ್ತದೆ, ಅಂದರೆ ಮಾಡ್ಯೂಲ್‌ಗೆ 70 ಮಿಲಿಆಂಪ್ ಆಸುಪಾಸು. ಕಾಮ್ (ಮಾತಿನ ರೇಡಿಯೋ) 1, 2, ನ್ಯಾವ್ (ದಾರಿ ತೋರುವ ರೇಡಿಯೋ) 1, 2 ಎಂದು ನಾಲ್ಕು ಮಾಡ್ಯೂಲ್ ಸರಪಳಿಯಾಗಿದ್ದರೆ ಒಟ್ಟು 300ರೊಳಗೆ ಮುಗಿಯುತ್ತದೆ. ಮೆಗಾದ ಯುಎಸ್‌ಬಿ ದಾರಿಯಲ್ಲಿ 500 ಮಿಲಿಆಂಪಿನ ತಾನೇ ಸರಿಹೋಗುವ ಫ್ಯೂಸ್ ಇದೆ, ಆದ್ದರಿಂದ ತೊಂದರೆಯಿಲ್ಲ. ಈಗ ಗದ್ದಲದಿಂದ ನಾಲ್ಕೂ ಚಿಪ್‌ಗಳು ಟೆಸ್ಟ್ ಸ್ಥಿತಿಗೆ ಜಿಗಿದವು ಎನ್ನಿ. ಬೇಡಿಕೆ ಒಮ್ಮೆಲೇ 1.2 ಆಂಪ್ ದಾಟುತ್ತದೆ. ವೋಲ್ಟೇಜ್ ಕುಸಿಯುತ್ತದೆ, ಆರ್ಡುಯಿನೊ ರೀಸೆಟ್ ಆಗುತ್ತದೆ, ಕಂಪ್ಯೂಟರ್‌ನಲ್ಲಿ ಯುಎಸ್‌ಬಿ ಕಳಚಿದ ‘ಟಡಂಗ್’ ಸದ್ದು ಕೇಳಿಸುತ್ತದೆ. ನೋಡುವವರಿಗೆ ಇದು ಡ್ರೈವರ್ ಸಮಸ್ಯೆ ಅನಿಸುತ್ತದೆ. ವಿಂಡೋಸ್ ಮರುಸ್ಥಾಪಿಸಿದವರೂ ಇದ್ದಾರೆ!

ಪರಿಹಾರ ಅಗ್ಗದ್ದು. ಪ್ರತಿ ಚಿಪ್‌ನ 5 ವೋಲ್ಟ್ ಮತ್ತು ಗ್ರೌಂಡ್ ಕಾಲುಗಳ ನಡುವೆ, ಚಿಪ್‌ಗೆ ಆದಷ್ಟು ಹತ್ತಿರ, ಒಂದು 10 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್, ಒಂದು 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪ್ಯಾಸಿಟರ್. ಡೇಟಾಶೀಟ್ ಹೇಳುವುದೂ ಇದನ್ನೇ, ಅಗ್ಗದ ಬೋರ್ಡ್‌ಗಳಲ್ಲಿ ಮಾತ್ರ ಅವುಗಳಲ್ಲಿ ಒಂದನ್ನು ಬಿಟ್ಟಿರುತ್ತಾರೆ ಅಥವಾ ದೂರ ಇಟ್ಟಿರುತ್ತಾರೆ. ಚಿಪ್ಪನ್ನೇ ತಂದು ಸ್ವತಃ ಬೋರ್ಡ್ ಮಾಡುವವರು 4 ಮತ್ತು 9, ಎರಡೂ ಕಾಲುಗಳನ್ನು ಗ್ರೌಂಡ್‌ಗೆ ಸೇರಿಸಬೇಕು. ಒಂದನ್ನು ಬಿಟ್ಟರೂ ಚಿಪ್ ಕೆಲಸ ಮಾಡಿದಂತೆ ನಟಿಸಿ ಆಗಾಗ ಕೈ ಕೊಡುತ್ತದೆ. ಲೋಡ್ ತಂತಿಯಿಂದ 5 ವೋಲ್ಟ್‌ಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿದರೆ ಆರ್ಡುಯಿನೊ ರೀಸೆಟ್ ಆಗುವ ಹೊತ್ತಿನಲ್ಲಿ ಆ ತಂತಿ ತೇಲುವುದಿಲ್ಲ. ಡೇಟಾ ತಂತಿಗಳ ಉದ್ದ 20–30 ಸೆಂಟಿಮೀಟರ್ ದಾಟದಿರಲಿ. ರಿಬ್ಬನ್ ಕೇಬಲ್ ಆದರೆ ಕ್ಲಾಕ್ ಮತ್ತು ಡೇಟಾ ನಡುವಿನ ಎಳೆಯನ್ನು ಗ್ರೌಂಡ್‌ಗೆ ಕಟ್ಟಿ. ಪ್ರಖರತೆ ಜಾಸ್ತಿ ಬೇಡವೆಂದರೆ 10 ಕಿಲೋಓಮ್ ತೆಗೆದು ಸುಮಾರು 27 ಕಿಲೋಓಮ್ ಹಾಕಿ. ಸೆಗ್ಮೆಂಟ್ ಕರೆಂಟ್ ಅರ್ಧಕ್ಕಿಳಿಯುತ್ತದೆ, ಟೆಸ್ಟ್ ಸ್ಥಿತಿಯ ಆಘಾತವೂ ಅರ್ಧವಾಗುತ್ತದೆ. ರಾತ್ರಿ ಹಾರುವವರ ಕಣ್ಣಿಗೂ ಅದೇ ಹಿತ.

ಆರ್ಡುಯಿನೊ ಬದಲು ರಾಸ್‌ಬೆರಿ ಪೈ ಪೀಕೋ ಅಥವಾ ಇಎಸ್‌ಪಿ 32 ಬಳಸುವವರಿಗೆ ಇನ್ನೊಂದು ಬಲೆ ಕಾದಿದೆ. ಈ ಬೋರ್ಡ್‌ಗಳ ‘ಹೈ’ (1 ಎಂಬ ಸಂಕೇತ) ಎಂದರೆ 3.3 ವೋಲ್ಟ್. ಮ್ಯಾಕ್ಸ್ 7219ಕ್ಕೆ ‘ಹೈ’ ಎನಿಸಿಕೊಳ್ಳಲು ಕನಿಷ್ಠ 3.5 ಬೇಕು. ಕೊರತೆ 0.2 ವೋಲ್ಟ್ ಅಷ್ಟೇ, ಹಾಗಾಗಿ ಮೇಜಿನ ಮೇಲೆ ಕೆಲಸ ಮಾಡಿ, ಪೆಟ್ಟಿಗೆಯೊಳಗೆ ಕೂರಿಸಿದ ಮೇಲೆ ಹುಚ್ಚು ಅಂಕಿಗಳನ್ನು ತೋರಿಸುತ್ತದೆ. ಮೂರು ತಂತಿಗಳಿಗೂ ಸಂಕೇತವನ್ನು 5 ವೋಲ್ಟ್‌ಗೆ ಏರಿಸುವ 74ಎಎಚ್‌ಸಿಟಿ125 ಬಫರ್ ಚಿಪ್ ಒಂದನ್ನು ಹಾಕಿ, ಅದಕ್ಕೆ 5 ವೋಲ್ಟ್ ಕೊಡಿ. ಚಿಪ್‌ಗೇ 3.3 ವೋಲ್ಟ್ ಕೊಟ್ಟರಾಯಿತು ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ. ಅದರ ಕನಿಷ್ಠ ವೋಲ್ಟೇಜ್ 4, ಆ ಸಲಹೆ ಬೇಡ.

ಪವರ್ ಅಳೆಯುವುದು ಎಲ್ಲಿ ಎನ್ನುವುದೂ ಮುಖ್ಯ. ಕಂಪ್ಯೂಟರ್ ಪೋರ್ಟಿನಲ್ಲಿ 5.1 ಇದೆ ಎಂದರೆ ಏನೂ ತಿಳಿದಂತಾಗಲಿಲ್ಲ. ಸರಪಳಿಯ ಕೊನೆಯ ಮಾಡ್ಯೂಲ್‌ನ ಕಾಲುಗಳ ಮೇಲೆ, ಎಲ್ಲ ಕಿಟಕಿಗಳಲ್ಲಿ 8 ಉರಿಯುತ್ತಿರುವಾಗ ಅಳೆಯಬೇಕು. ತೆಳು ಯುಎಸ್‌ಬಿ ಕೇಬಲ್‌ಗಳಲ್ಲಿ ಪವರ್ ಎಳೆ 28 ಗೇಜಿನದು, ಮೀಟರಿಗೆ ಸುಮಾರು 0.21 ಓಮ್. ಒಂದೂವರೆ ಮೀಟರ್ ಕೇಬಲ್‌ನಲ್ಲಿ ಹೋಗಿ ಬರುವ ದಾರಿ ಮೂರು ಮೀಟರ್, 500 ಮಿಲಿಆಂಪಿಗೆ ಅಲ್ಲೇ 0.3 ವೋಲ್ಟ್ ಮಾಯ. ಕೇಬಲ್ ಮೇಲೆ ‘24ಎಡಬ್ಲ್ಯುಜಿ’ ಎಂದು ಅಚ್ಚಾಗಿರುವುದನ್ನು ಕೊಂಡರೆ ನಷ್ಟ ಅರ್ಧಕ್ಕಿಂತ ಕಡಿಮೆ. ಕೊನೆಯ ಮಾಡ್ಯೂಲ್‌ನಲ್ಲಿ 4.6ಕ್ಕಿಂತ ಕೆಳಗಿಳಿದರೆ ನಾನು ಪ್ರತ್ಯೇಕ 5 ವೋಲ್ಟ್ ಅಡಾಪ್ಟರ್ ಕೊಡಿ ಎನ್ನುತ್ತೇನೆ. ಆಗ ಅಡಾಪ್ಟರ್‌ನ ಗ್ರೌಂಡ್ ಮತ್ತು ಆರ್ಡುಯಿನೊ ಗ್ರೌಂಡ್ ಕಡ್ಡಾಯವಾಗಿ ಸೇರಬೇಕು, ಎರಡರ 5 ವೋಲ್ಟ್‌ಗಳು ಸೇರಬಾರದು. ಅಡಾಪ್ಟರ್ ಮೊದಲು ಆನ್ ಆಗಬೇಕು, ಮೊಬಿಫ್ಲೈಟ್ ಆಮೇಲೆ. ಕ್ರಮ ತಿರುವುಮುರುವಾದರೆ ಮೇಲೆ ಹೇಳಿದ ನಿದ್ದೆಯೇ ಗತಿ.

ನಮ್ಮಲ್ಲಿ ಇದಕ್ಕೊಂದು ಸ್ಥಳೀಯ ರೂಪವಿದೆ. ಲ್ಯಾಪ್‌ಟಾಪ್‌ನಲ್ಲಿ ಸಿಮ್ಯುಲೇಟರ್, ಪ್ಯಾನೆಲ್‌ಗಳು ಅಡಾಪ್ಟರ್ ಇರುವ ಯುಎಸ್‌ಬಿ ಹಬ್‌ನಲ್ಲಿ. ಕರೆಂಟ್ ಹೋಗುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಏನೂ ಆಗದಂತೆ ನಡೆಯುತ್ತದೆ, ಹಬ್ ಮಾತ್ರ ಅಡಾಪ್ಟರ್ ಕಳೆದುಕೊಂಡು ಲ್ಯಾಪ್‌ಟಾಪ್‌ನ ಒಂದೇ ಪೋರ್ಟಿನಿಂದ ಎಲ್ಲರಿಗೂ ಹಂಚತೊಡಗುತ್ತದೆ. ಒಂದೆರಡು ಪ್ಯಾನೆಲ್ ಮಂಕಾಗುತ್ತವೆ, ಒಂದು ಕಪ್ಪಾಗುತ್ತದೆ. ಕರೆಂಟ್ ಬಂದ ಮೇಲೂ ಕಪ್ಪಾದದ್ದು ಏಳುವುದಿಲ್ಲ. ಇನ್ವರ್ಟರ್ ಇರುವ ಮನೆಯಲ್ಲೂ ಹಬ್‌ನ ಅಡಾಪ್ಟರ್ ಇನ್ವರ್ಟರ್ ಸಾಲಿನ ಪ್ಲಗ್‌ನಲ್ಲಿದೆಯೇ ಎಂದು ನೋಡಿ. ಇನ್ನು ಕರಾವಳಿಯವರಿಗೆ ಮಳೆಗಾಲದಲ್ಲಿ ಜಂಪರ್ ತಂತಿಯ ತುದಿಗಳು ಕಪ್ಪುಗಟ್ಟುವುದು ಮಾಮೂಲು. ಸಿಕ್ಕಿಸುವ ಜಂಪರ್‌ಗಳ ಬದಲು ಬೆಸುಗೆ ಹಾಕಿದ ತಂತಿ ಅಥವಾ ಕ್ಲಿಕ್ಕೆಂದು ಕೂರುವ ಜೆಎಸ್‌ಟಿ ಕನೆಕ್ಟರ್ ಬಳಸಿದರೆ ಅರ್ಧ ಕಾಟ ತಪ್ಪುತ್ತದೆ.

ಅಂಗಡಿಯಿಂದ ತಂದ ಪ್ಯಾನೆಲ್‌ಗಳ ಕತೆಯಲ್ಲಿ ಬೆಸುಗೆಗಿಂತ ವಿಂಡೋಸ್‌ನ ಪಾತ್ರ ದೊಡ್ಡದು. ಸೈಟೆಕ್ ಹೆಸರಿನ ಪ್ಯಾನೆಲ್‌ಗಳು 2016ರಲ್ಲಿ ಲಾಜಿಟೆಕ್ ಪಾಲಾದವು, ಹಾರ್ಡ್‌ವೇರ್ ಹೆಚ್ಚು ಬದಲಾಗಲಿಲ್ಲ, ಯುಎಸ್‌ಬಿ ಗುರುತಿನ ಸಂಖ್ಯೆ 06ಎ3 ಎಂಬುದೂ ಉಳಿಯಿತು. ಅದರ ಜೊತೆ ಪ್ರತಿ ಪ್ಯಾನೆಲ್‌ಗೂ ತನ್ನದೇ ಸಂಖ್ಯೆ: ರೇಡಿಯೋ ಪ್ಯಾನೆಲ್ 0ಡಿ05, ಮಲ್ಟಿ ಪ್ಯಾನೆಲ್ 0ಡಿ06, ಸ್ವಿಚ್ ಪ್ಯಾನೆಲ್ 0ಡಿ67. ಹಾರುತ್ತಾ ಇರುವಾಗ ಸ್ವಲ್ಪ ಹೊತ್ತು ನಾಬ್ ಮುಟ್ಟದಿದ್ದರೆ ಕಿಟಕಿಗಳು ಕಪ್ಪಾಗಿ ಅಥವಾ ಹಳೆಯ ಅಂಕಿಯಲ್ಲೇ ನಿಂತುಬಿಡುವುದು ಇಲ್ಲಿನ ಪ್ರಸಿದ್ಧ ದೂರು. ವಿಂಡೋಸ್ ಆ ಸಾಧನವನ್ನು ಮಲಗಿಸಿರುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ಪವರ್ ಉಳಿಸಲು ಸಾಧನವನ್ನು ಆಫ್ ಮಾಡಬಹುದು ಎಂಬಲ್ಲಿನ ಗುರುತು ತೆಗೆಯಿರಿ. ಅಷ್ಟಕ್ಕೂ ಬಗ್ಗದಿದ್ದರೆ ರಿಜಿಸ್ಟ್ರಿಯಲ್ಲಿ ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಎನಮ್, ಯುಎಸ್‌ಬಿ ಎಂದು ಇಳಿದು, ಮೇಲಿನ ಸಂಖ್ಯೆಯ ನಮೂದಿನೊಳಗೆ ‘ಡಿವೈಸ್ ಪ್ಯಾರಾಮೀಟರ್ಸ್’ ತೆರೆದು, ‘ಎನ್‌ಹ್ಯಾನ್ಸ್‌ಡ್ ಪವರ್ ಮ್ಯಾನೇಜ್‌ಮೆಂಟ್ ಎನೇಬಲ್ಡ್’ ಎಂಬುದನ್ನು 1ರಿಂದ 0 ಮಾಡಿ, ಕಂಪ್ಯೂಟರ್ ಮರುಚಾಲನೆ ಮಾಡಿ. ಆಮೇಲೆ ಪ್ಯಾನೆಲ್ಲನ್ನು ಬೇರೆ ಪೋರ್ಟಿಗೆ ಚುಚ್ಚಿದರೆ ವಿಂಡೋಸ್ ಹೊಸ ನಮೂದು ಸೃಷ್ಟಿಸಬಹುದು, ಅಲ್ಲಿ ಮತ್ತೆ 1 ಇರುತ್ತದೆ. ಪೋರ್ಟ್‌ಗಳಿಗೆ ಚೀಟಿ ಅಂಟಿಸಿಟ್ಟುಕೊಳ್ಳುವುದು ಜಾಣತನ. ಎಎಮ್‌ಡಿಯ 500 ಸರಣಿಯ ಚಿಪ್‌ಸೆಟ್ ಇರುವ ಮದರ್‌ಬೋರ್ಡ್‌ಗಳಲ್ಲಿ ಯುಎಸ್‌ಬಿ ಕಳಚಿಕೊಳ್ಳುವ ಸಮಸ್ಯೆಗೆ 2021ರಲ್ಲೇ ಬಯಾಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಪರಿಹಾರ ಬಂದಿದೆ. ಬಯಾಸ್ ಅದಕ್ಕಿಂತ ಹಳೆಯದಾದರೆ ಮೊದಲು ಅದನ್ನು ನವೀಕರಿಸಿ.

ಅಂಕಿ ಎರಡು ಬೆಲೆಗಳ ನಡುವೆ ಪಟಪಟನೆ ಬದಲಾಗುತ್ತಿದ್ದರೆ ಎರಡು ತಂತ್ರಾಂಶಗಳು ಒಂದೇ ಪ್ಯಾನೆಲ್‌ಗೆ ಬರೆಯುತ್ತಿವೆ. ತಯಾರಕರ ಪ್ಲಗಿನ್ನೂ ಸ್ಪ್ಯಾಡ್ ನೆಕ್ಸ್ಟ್ ಎಂಬ ಬೇರೆ ತಂತ್ರಾಂಶವೂ ಜೊತೆಗೆ ಓಡುತ್ತಿರುತ್ತವೆ. ಒಂದನ್ನು ಮುಚ್ಚಿ. ಇನ್‌ಸ್ಟ್ರುಮೆಂಟ್ ಪ್ಯಾನೆಲ್ ಎಂಬ ಪುಟ್ಟ ಬಣ್ಣದ ಪರದೆ ವಿಮಾನದ ಮಾಪಕಗಳ ಬದಲು ಕಂಪನಿಯ ಜಾಹೀರಾತು ಚಿತ್ರಗಳನ್ನು ತಿರುಗಿಸುತ್ತಿದ್ದರೆ ಅದೊಂದು ಶುಭಸುದ್ದಿ. ಪರದೆ, ಪವರ್ ಸರಿಯಿವೆ, ಸಿಮ್ಯುಲೇಟರ್ ಕಡೆಯ ಕೊಂಡಿ ಮಾತ್ರ ಇಲ್ಲ. ಆ ಪರದೆಗೆ ಚಿತ್ರ ತಲುಪಿಸುವ ಡೈರೆಕ್ಟ್ ಔಟ್‌ಪುಟ್ ಎಂಬ ವಿಂಡೋಸ್ ಸೇವೆಯನ್ನು ನಿಲ್ಲಿಸಿ ಮತ್ತೆ ಶುರು ಮಾಡಿ.

ಐ2ಸಿ ಪರದೆಗಳ (ಡೇಟಾ, ಕ್ಲಾಕ್ ಎಂಬ ಎರಡೇ ಸಂಕೇತ ತಂತಿಗಳಲ್ಲಿ ನಡೆಯುವಂಥವು) ಬಗ್ಗೆ ಬೇಗ ಹೇಳಿಬಿಡುತ್ತೇನೆ. 16x2 ಎಲ್‌ಸಿಡಿಯಲ್ಲಿ ಮೇಲಿನ ಸಾಲು ಬರೀ ಚೌಕಗಳಾಗಿದ್ದರೆ ಅದಕ್ಕೆ ಆರಂಭದ ಆಜ್ಞೆ ತಲುಪಿಲ್ಲ. ವಿಳಾಸ ತಪ್ಪಿರುತ್ತದೆ. ಹಿಂಬದಿಯ ಚಿಪ್ ಪಿಸಿಎಫ್ 8574 ಆದರೆ ಸಾಮಾನ್ಯವಾಗಿ ಹೆಕ್ಸ್ 27, ಕೊನೆಗೆ ‘ಎ’ ಇದ್ದರೆ ಹೆಕ್ಸ್ 3ಎಫ್. ಏನೂ ಕಾಣದೆ ಬೆಳಕು ಮಾತ್ರ ಇದ್ದರೆ ಹಿಂದಿನ ನೀಲಿ ತಿರುಪನ್ನು ತಿರುಗಿಸಿ, ಅದು ಕಾಂಟ್ರಾಸ್ಟ್. ಮೆಗಾದಲ್ಲಿ ಡೇಟಾ 20ನೆಯ ಪಿನ್, ಕ್ಲಾಕ್ 21. ಒಎಲ್‌ಇಡಿಯಲ್ಲಿ ಚಿತ್ರ ಎರಡು ಪಿಕ್ಸೆಲ್ ಸರಿದು ಅಂಚಿನಲ್ಲಿ ಕಸದ ಗೆರೆ ಕಂಡರೆ ನಿಮ್ಮ ಪರದೆಯ ಚಿಪ್ 1.3 ಇಂಚಿನವುಗಳಲ್ಲಿ ಬರುವ ಎಸ್‌ಎಚ್ 1106, ತಂತ್ರಾಂಶದಲ್ಲಿ ಆರಿಸಿರುವುದು ಎಸ್‌ಎಸ್‌ಡಿ 1306.

ಮಾಡ್ಯೂಲ್ ಬದಲಿಸಲೇಬೇಕಾದಾಗ, ಇಡೀ ಬೋರ್ಡ್ ಬದಲು ನಾಲ್ಕಂಕಿಯ ಡಿಸ್‌ಪ್ಲೇ ಒಂದನ್ನೇ ತರಬಹುದು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ 0.36 ಇಂಚಿನವು ಸಲೀಸಾಗಿ ಸಿಗುತ್ತವೆ. ‘ಕಾಮನ್ ಕ್ಯಾಥೋಡ್’ (ಒಂದು ಅಂಕಿಯ ಎಲ್ಲ ಎಲ್‌ಇಡಿಗಳ ಋಣ ತುದಿಗಳು ಒಟ್ಟಿಗೆ ಸೇರಿರುವುದು) ಎಂದು ಒತ್ತಿ ಕೇಳಿ. ಕಾಮನ್ ಆನೋಡ್ ತಂದು ಮ್ಯಾಕ್ಸ್ 7219ಕ್ಕೆ ಹಾಕಿದರೆ ಅರ್ಥವಿಲ್ಲದ ಗೆರೆಗಳಷ್ಟೇ ಹತ್ತುತ್ತವೆ. ಅಂಗಡಿಯಲ್ಲೇ ಪರೀಕ್ಷಿಸಲು ಮಲ್ಟಿಮೀಟರನ್ನು ಡಯೋಡ್ ಮೋಡಿಗಿಟ್ಟು, ಕಪ್ಪು ಕಡ್ಡಿಯನ್ನು ಅಂಕಿಯ ಕಾಲಿಗೆ, ಕೆಂಪನ್ನು ಒಂದೊಂದೇ ಸೆಗ್ಮೆಂಟ್ ಕಾಲಿಗೆ ಮುಟ್ಟಿಸಿ. ಕೆಂಪು ಎಲ್‌ಇಡಿ ಮಂಕಾಗಿ ಹೊತ್ತಿಕೊಳ್ಳುತ್ತದೆ. ನೀಲಿ, ಬಿಳಿ ಡಿಸ್‌ಪ್ಲೇಗಳಿಗೆ 3 ವೋಲ್ಟ್ ಹತ್ತಿರ ಬೇಕು, ಕೆಲವು ಮೀಟರ್‌ಗಳು ಅಷ್ಟು ಕೊಡುವುದಿಲ್ಲ. ಅದು ಹತ್ತಲಿಲ್ಲವೆಂದು ಎಸೆಯಬೇಡಿ. ತರುವಾಗ ಒಂದರ ಬದಲು ಎರಡು ತನ್ನಿ, ಒಂದೇ ಪೆಟ್ಟಿಗೆಯಿಂದ. ಒಂದೇ ಬೋರ್ಡಿನ ಎಡಕ್ಕೆ ಹೊಸದು, ಬಲಕ್ಕೆ ಹಳೆಯದು ಕೂತರೆ ಬೆಳಕಿನ ವ್ಯತ್ಯಾಸ ಎದ್ದು ಕಾಣುತ್ತದೆ. ಎರಡೂ ಒಂದೇ ಚಿಪ್‌ನ ಕೆಳಗಿರುವುದರಿಂದ ಪ್ರಖರತೆಯ ರಿಜಿಸ್ಟರ್ ತಿದ್ದಿ ಅದನ್ನು ಸರಿಪಡಿಸಲು ಬರುವುದಿಲ್ಲ.